ಬಕೆಟ್ಟು ಹಿಡಿದವರನ್ನು ಮಾತಾಡಿಸಬಾರದು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಅವರ ಅಕ್ಕ ಇನ್ನೂ ಇದ್ದಾರೆ, ಅಕ್ಕನಿಗೆ ಮದುವೆಗೆ ಬಂದ ಮೊಮ್ಮಗಳಿದ್ದಾಳೆ. ಈ ಕಾಯಿಲೆಯ ಹೆಸರು ಕೇಳಿದರೆ ಸಾಕು, ನಮ್ಮ ಜನ ಹುಡುಗಿಯ ಜಾತಕ ವಾಪಸು ಕಳಿಸುತ್ತಾರೆ.

ಹೋದ ತಿಂಗಳು ಹೋಟೆಲಿನಿಂದ ಫೋನು ಬಂದಾಗ ನಾನು ಪಲ್ಲಾವರಂನ ಮಗಳ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. "ಹೋಗ್ಬಿಟ್ರು, ಬೆಳಿಗ್ಗೆ ಆರಕ್ಕೆ" ಎಂದರು ಆ ಕಡೆಯಿಂದ. ಮೊಮ್ಮಗಳು "ಯಾರ್ ತಾತಾ?" ಎಂದಳು. ನಾನು ಕನ್ನಡದಲ್ಲಿ ಎಷ್ಟು ಮಾತಾಡಿದರೂ ಅವಳ ಉತ್ತರ, ಪ್ರಶ್ನೆ ಎಲ್ಲ ತಮಿಳೇ. ಜೊತೆಗೆ ಕೆಲಸ ಮಾಡಿದವರು ಎಂದೆ. ಸುಳ್ಳಲ್ಲ. ಆದರೆ ಇಪ್ಪತ್ತೈದು ವರ್ಷ ಆ ಮನುಷ್ಯನ ವಿಷಯದಲ್ಲಿ ಒಂದಲ್ಲ ಒಂದು ರೀತಿಯಲ್ಲಿ ಹೆದರಿಕೊಂಡೇ ಇದ್ದವನು ನಾನು. ಮೊದಲು ಅವರಿಗೆ ಹೆದರಿದೆ, ಆಮೇಲೆ ಅವರಿಗೇನಾಗುತ್ತದೋ ಎಂದು ಹೆದರಿದೆ, ಕೊನೆಗೆ ಅವರು ಏನು ಹೇಳಿಬಿಡುತ್ತಾರೋ ಎಂದು ಹೆದರಿದೆ. ಅವರು ಹೋದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ.

ನಮ್ಮ ಹೋಟೆಲು ಮದರಾಸಿನ ಮೈಲಾಪೂರಿನಲ್ಲಿ, ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿದೆ. ಕೆಳಗೆ ತಿಂಡಿ, ಮೇಲೆ ಬಾಳೆಎಲೆ ಊಟ. ಧಣಿಗಳು ಉಡುಪಿ ಕಡೆಯವರು, ಕೆಲಸದವರಲ್ಲೂ ಮುಕ್ಕಾಲು ಪಾಲು ಅಲ್ಲಿಯವರೇ. ನಾನು ಊರಲ್ಲಿ ಒಂದು ಜವಳಿ ಅಂಗಡಿ ಮುಳುಗಿಸಿ ಇಲ್ಲಿಗೆ ಬಂದವನು. ಅವರು ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಚಿಕ್ಕವರು, ಕೆಲಸದಲ್ಲಿ ಆರು ವರ್ಷ ಹಿರಿಯರು. ಎಡಗೈ ಮೇಲೆ ಆರು ತಟ್ಟೆ ಜೋಡಿಸಿಕೊಂಡು ಜನರ ನಡುವೆ ನುಸುಳುವುದನ್ನು ನನಗೆ ಕಲಿಸಿದವರು ಅವರೇ. "ತಟ್ಟೆ ನೋಡ್ಬೇಡಿ ಮಾರಾಯ್ರೇ, ಹೋಗುವ ಜಾಗ ನೋಡಿ" ಎನ್ನುತ್ತಿದ್ದರು. ನಾನು ತಟ್ಟೆಯನ್ನೇ ನೋಡುತ್ತಿದ್ದೆ, ಬೀಳಿಸುತ್ತಿದ್ದೆ. ಅವರು ನಗುತ್ತಾ ಚೂರು ಆರಿಸುತ್ತಿದ್ದರು.

ಆಗ ಅವರನ್ನು ನೋಡಬೇಕಿತ್ತು. ನಾಲ್ಕು ಮೇಜು, ಹದಿನಾರು ಜನ, ಒಬ್ಬೊಬ್ಬರದು ಒಂದೊಂದು ಬೇಡಿಕೆ. ಒಬ್ಬರಿಗೆ ಮಸಾಲೆ ದೋಸೆ ಗರಿಗರಿಯಾಗಿ, ಇನ್ನೊಬ್ಬರಿಗೆ ಸಾಂಬಾರು ಬೇರೆ ಬಟ್ಟಲಲ್ಲಿ, ಅಜ್ಜಿಗೆ ಇಡ್ಲಿ ಬಿಸಿಯಾಗಿ ಆದರೆ ಕಾಫಿ ಆರಿಸಿ. ಒಂದು ಸಲ ಕೇಳಿಸಿಕೊಂಡು, ಅಡುಗೆಮನೆಯ ಕಿಂಡಿಗೆ ಹೋಗಿ ಮಂತ್ರ ಹೇಳಿದ ಹಾಗೆ ಒಪ್ಪಿಸುತ್ತಿದ್ದರು. ತಟ್ಟೆಗಳು ಬಂದಾಗ ಯಾರದು ಯಾರಿಗೆ ಎಂದು ಕೇಳುತ್ತಲೇ ಇರಲಿಲ್ಲ. ಪರೀಕ್ಷೆ ಮಾಡಲೆಂದೇ ಗಿರಾಕಿಗಳು ಜಾಗ ಬದಲಾಯಿಸಿ ಕೂರುತ್ತಿದ್ದರು. ಆದರೂ ತಪ್ಪುತ್ತಿರಲಿಲ್ಲ. ಪಕ್ಕದ ಹೋಟೆಲಿನಲ್ಲಿ ಚೀಟಿ ಬರೆಯುವ ಪದ್ಧತಿ ಬಂದಾಗ ಅವರು ಒಂದು ಮಾತು ಹೇಳಿದ್ದರು, ಅದು ನಮ್ಮಲ್ಲಿ ಬಹಳ ದಿನ ಓಡಾಡಿತು: "ಬರ್ಕೊಳ್ಳುವವ ಸಪ್ಲೈಯರ್ ಅಲ್ಲ, ಗುಮಾಸ್ತ." ಸ್ವಲ್ಪ ಜಂಬದ ಮನುಷ್ಯ. ಅಷ್ಟು ಜಂಬ ಅವರಿಗೆ ಒಪ್ಪುತ್ತಿತ್ತು ಕೂಡ.

ಅವರಿಗೆ ಮೂವತ್ತರ ಮೇಲೆ ಒಂದೆರಡು ಆಗಿದ್ದಿರಬೇಕು. ಕಿಂಡಿಯ ಹತ್ತಿರ ಹೋಗಿ ಸುಮ್ಮನೆ ನಿಲ್ಲತೊಡಗಿದರು. ಹಿಂದೆ ಬಂದು ಗಿರಾಕಿಯನ್ನು ಇನ್ನೊಂದು ಸಲ ಕೇಳುತ್ತಿದ್ದರು. ನಾವು ತಮಾಷೆ ಮಾಡಿದೆವು. ಹೆಣ್ಣು ನೋಡಿಕೊಂಡು ಬಂದಿರಬೇಕು, ಅದಕ್ಕೇ ತಲೆ ಇಲ್ಲಿಲ್ಲ ಎಂದೆವು. ಸ್ನಾನ ತಪ್ಪಿತು, ಅಂಗಿಯ ಗುಂಡಿ ತಪ್ಪಿತು. ಸೋಮಾರಿಯಾಗಿದ್ದಾರೆ ಎಂದು ನಾನೇ ಧಣಿಗಳ ಹತ್ತಿರ ಚಾಡಿ ಹೇಳಿದ್ದೆ. ಹೀಗೆ ಸುಮಾರು ಒಂದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಹೋಟೆಲು ತುಂಬಿರುವಾಗ, ಅವರು ಕೈಯಲ್ಲಿದ್ದ ತಟ್ಟೆಗಳನ್ನು ಮೆಲ್ಲಗೆ ನೆಲಕ್ಕಿಟ್ಟು, ಏಳನೇ ಮೇಜಿನವರ ಹತ್ತಿರ ಹೋಗಿ, "ನನ್ನ ಹೆಸರು ಯಾಕೆ ಹೇಳ್ತಾ ಇದ್ದೀರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಆ ಮನುಷ್ಯ ಬಾಯಿ ಬಿಟ್ಟದ್ದು ವಡೆಗೆ ಮಾತ್ರ. ಆಮೇಲೆ ಅವರು ಕೈ ತೊಳೆಯುವ ಬೇಸಿನ್ನಿನ ಕೆಳಗೆ ಕೂತು ಎರಡೂ ಕಿವಿ ಮುಚ್ಚಿಕೊಂಡರು. ಅವರನ್ನು ಎಬ್ಬಿಸಲು ನನ್ನನ್ನು ಕಳಿಸಿದರು. ನಾನು ಮೂರು ಅಡಿ ದೂರದಲ್ಲಿ ನಿಂತು ಕರೆದೆ, ಹತ್ತಿರ ಹೋಗಲಿಲ್ಲ.

ಅಕ್ಕನ ಮನೆಗೆ ಕಳಿಸಿದರು. ಅಲ್ಲಿಂದ ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕು. ಒಂದಿಷ್ಟು ದಿನ ಮಾತ್ರೆ ಕೊಟ್ಟು, ಭಾವ ಅದನ್ನು ನಿಲ್ಲಿಸಿದರಂತೆ. ತಾಯಿತ ಕಟ್ಟಿಸಿ, ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರಂತೆ. ಧಣಿಗಳೇ ಊರಿಗೆ ಹೋದಾಗ ನೋಡಿ, ತಡೆಯಲಾರದೆ ವಾಪಸು ಮದರಾಸಿಗೆ ಕರೆತಂದರು. ಅವರ ತೂಕ ಅರ್ಧವಾಗಿತ್ತು. ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳು ಇಟ್ಟುಕೊಂಡರು. "ಸ್ಕಿಜೋಫ್ರೇನಿಯಾ" ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಮಾತ್ರೆಗೆ ಕಿವಿಯೊಳಗಿನ ಸ್ವರಗಳು ಬಗ್ಗಿದವು. ಪೂರ್ತಿ ಹೋಗಲಿಲ್ಲ, "ಪಕ್ಕದ ಮನೆಯ ರೇಡಿಯೋದಷ್ಟು" ಎಂದು ಅವರೇ ಹೇಳುತ್ತಿದ್ದರು. ಗುಣವಾಯಿತು ಎಂದು ನಾವೆಲ್ಲ ಖುಷಿಪಟ್ಟೆವು.

ಆದರೆ ಹದಿನಾರು ಜನರ ತಿಂಡಿ ಹೊತ್ತು ತರುತ್ತಿದ್ದ ಆ ತಲೆ ವಾಪಸು ಬರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಹೆಂಗಸು ಕೌನ್ಸೆಲರ್ ಇದ್ದರು, ತಮಿಳಿನವರು, ಸಣ್ಣ ಆಳು, ದೊಡ್ಡ ಕನ್ನಡಕ. ತಿಂಗಳಿಗೊಮ್ಮೆ ಅವರನ್ನು ಆಕೆಯ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ನಾನು ಆಗ ಹಾಲ್ ಸೂಪರ್‌ವೈಸರ್ ಆಗಿದ್ದೆ. ಸ್ವರ ನಿಂತರೂ ಈ ಮರೆವು ಯಾಕೆ, ಬೇಕೆಂದೇ ಮಾಡುತ್ತಾರಾ ಎಂದು ಆಕೆಯನ್ನು ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ಗಮನ ಹಿಡಿದಿಡುವುದು, ಕೇಳಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು, ಒಂದಾದ ಮೇಲೊಂದು ಕೆಲಸವನ್ನು ಜೋಡಿಸುವುದು, ಇವೂ ಈ ಕಾಯಿಲೆಯಲ್ಲಿ ಪೆಟ್ಟು ತಿನ್ನುತ್ತವೆ, ಇದಕ್ಕೆ ಮಾತ್ರೆಗಳಿಂದ ಅಷ್ಟಾಗಿ ಉಪಯೋಗವಿಲ್ಲ ಎಂದು ನಿಧಾನವಾಗಿ ತಿಳಿಸಿದರು. "ಸೋಂಬೇರಿತನಂ ಇಲ್ಲೈ ಸಾರ್" ಎಂದರು. ಸೋಮಾರಿತನ ಅಲ್ಲ ಎಂದು ಆಕೆ ಹೇಳಿದಾಗ ನಾನು ಹಿಂದೆ ಹೇಳಿದ್ದ ಚಾಡಿ ನೆನಪಾಗಿ ನೆಲ ನೋಡಿದೆ. ಆಕೆ ಅವರಿಗೆ ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್ ಕೊಟ್ಟು, ಏನಿದ್ದರೂ ಬರೆದುಕೊಳ್ಳಿ ಎಂದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈಗ ನಾನೂ ಗುಮಾಸ್ತ" ಎಂದರು. ನಗಲಿಕ್ಕೆ ಹೇಳಿದರೋ, ಅಳಲಿಕ್ಕೆ ಹೇಳಿದರೋ ಗೊತ್ತಾಗದೆ ನಾನು ಬಸ್ಸಿನ ನಂಬರು ನೋಡುವ ಹಾಗೆ ಮಾಡಿದೆ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಹೆದರಿಕೆ ಬೇರೆಯೇ ದಾರಿ ಹಿಡಿದಿತ್ತು. ಸಿನಿಮಾ ನೋಡಿ ಬೆಳೆದ ತಲೆ ನನ್ನದು. ತಲೆ ಕೆಟ್ಟವರೆಂದರೆ ಕತ್ತಿ ಹಿಡಿಯುವವರು ಎಂದು ತಿಳಿದಿದ್ದೆ. ಅವರಿಗೆ ತರಕಾರಿ ಹೆಚ್ಚುವ ಕೆಲಸ ಕೊಟ್ಟಾಗ ನನಗೆ ನಿದ್ದೆ ಬರದಾಯಿತು. ಒಂದು ಮಧ್ಯಾಹ್ನ, ಯಾರಿಗೂ ಹೇಳದೆ, ಈಳಿಗೆಮಣೆಯನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟೆ. ಅರ್ಧ ಗಂಟೆ ಅವರು ಅಡುಗೆಮನೆಯಲ್ಲಿ ಸುತ್ತಿದರು. ಬೀನ್ಸಿನ ಬುಟ್ಟಿ ಎತ್ತಿದರು, ಇಟ್ಟರು. ಈಳಿಗೆ ಇರಬೇಕಾದ ಮೂಲೆಗೆ ಹೋದರು, ಬಂದರು, ಮತ್ತೆ ಅದೇ ಮೂಲೆಗೆ ಹೋದರು. ಬೇರೆ ಕಡೆ ಹುಡುಕಬಹುದು ಎಂಬುದೇ ಅವರಿಗೆ ಹೊಳೆಯಲಿಲ್ಲ. ಬೆವರಿ ಒದ್ದೆಯಾಗಿದ್ದರು. ನಾನು ತೆಗೆದು ಕೊಟ್ಟೆ. "ಇಟ್ಟಲ್ಲೇ ಇಡಿ ಮಾರಾಯ್ರೇ" ಎಂದರು, ಬೇಡಿಕೊಳ್ಳುವ ಹಾಗೆ. "ಜಾಗ ಬದಲಾದ್ರೆ ನನ್ನ ತಲೆ ನಿಲ್ತದೆ." ಯಾಕೆ ಬಚ್ಚಿಟ್ಟೆ ಎಂದು ಅವರು ಕೇಳಲೇ ಇಲ್ಲ. ಆ ಇಪ್ಪತ್ತೈದು ವರ್ಷದಲ್ಲಿ ಅವರು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ನೋಡಲಿಲ್ಲ. ಏಟು ತಿಂದದ್ದನ್ನು ಎರಡು ಸಲ ನೋಡಿದ್ದೇನೆ.

ಜನ ಕಡಿಮೆಯಿದ್ದಾಗ ಕೆಳಗೆ ತಿಂಡಿ ಹಾಲಿಗೆ ಬಿಟ್ಟು ನೋಡಿದೆವು. ಸೌಕಾರ್‌ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಶುಕ್ರವಾರ ಬರುತ್ತಿದ್ದರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಜೈನರು. ಅವರಿಗೆಂದು ಬೇರೆ ತೆಗೆದಿಟ್ಟ ಸಾಂಬಾರು ಕಿಂಡಿಯಲ್ಲೇ ಉಳಿಯಿತು. ಈರುಳ್ಳಿಯದು ಅವರ ತಟ್ಟೆಗೆ ಹೋಯಿತು. ದೊಡ್ಡ ರಂಪ. ಧಣಿಗಳು ನನ್ನನ್ನು ಕರೆದು, "ಇನ್ನು ಆಗುದಿಲ್ಲ, ಅಕ್ಕನಿಗೆ ಫೋನು ಮಾಡಿ" ಎಂದರು. ಅಕ್ಕನ ಮನೆಯ ಹಿಂದಿನ ಕೋಣೆ ನನ್ನ ಕಣ್ಣಿಗೆ ಬಂತು. ಅಲ್ಲಿಗೆ ಹೋದರೆ ಮಾತ್ರೆ ನಿಲ್ಲುತ್ತದೆ, ಮಾತ್ರೆ ನಿಂತರೆ ಆ ಸ್ವರಗಳು ಮತ್ತೆ ಬರುತ್ತವೆ, ಇನ್ನೊಂದು ಸಲ ಅವರು ತಡೆದುಕೊಳ್ಳಲಾರರು. ನಾನು ಯೋಚಿಸದೆ, "ಒಂದು ತಿಂಗಳು ಮೇಲಿನ ಊಟದ ಹಾಲಿಗೆ ಹಾಕಿ ನೋಡ್ವ" ಎಂದುಬಿಟ್ಟೆ. ಜೀವನದಲ್ಲಿ ಯೋಚಿಸದೆ ಆಡಿದ ಒಂದೇ ಒಳ್ಳೆಯ ಮಾತು ಇರಬೇಕು.

ಮೇಲೆ ನಡೆದದ್ದು ನಮಗೆಲ್ಲ ಆಶ್ಚರ್ಯ. ಬಾಳೆಎಲೆ ಊಟದಲ್ಲಿ ಯಾರೂ ಏನೂ ಹೇಳುವುದಿಲ್ಲ; ಎಲ್ಲರಿಗೂ ಅದೇ, ಅದೇ ಕ್ರಮ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ, ತೊವ್ವೆ, ತುಪ್ಪ, ಸಾರು, ಹುಳಿ. ಏಳು ವರ್ಷದ ಹುಡುಗನಾಗಿದ್ದಾಗಿನಿಂದ ಮದುವೆ ಮನೆಯ ಪಂಕ್ತಿಗಳಲ್ಲಿ ಬಡಿಸಿ ಬೆಳೆದ ಕೈ ಅವರದು. ಆ ಕೈಗೆ ತಲೆಯ ಹಂಗು ಬೇಕಿರಲಿಲ್ಲ. ಎಲೆಯ ಎಡ ಮೂಲೆಯಿಂದ ಶುರುವಾದರೆ ನೀರು ಹರಿದ ಹಾಗೆ ಸಾಲಿನ ಕೊನೆಯವರೆಗೂ ಹೋಗುತ್ತಿದ್ದರು. ಮೊದಲ ದಿನ ನಾನು ಮೆಟ್ಟಿಲ ಹತ್ತಿರ ನಿಂತು ನೋಡಿ, ಕಣ್ಣು ಒರೆಸಿಕೊಂಡು ಕೆಳಗೆ ಇಳಿದೆ.

ತೊಂದರೆ ಇದ್ದದ್ದು ಒಂದೇ. ಮದರಾಸಿನಲ್ಲಿ ಅನ್ನದ ಮೇಲೆ ಮೊದಲು ಸಾಂಬಾರು, ಆಮೇಲೆ ರಸಂ. ನಮ್ಮಲ್ಲಿ ಮೊದಲು ಸಾರು, ಆಮೇಲೆ ಹುಳಿ. ಧಣಿಗಳಿಗೆ ಈ ವಿಷಯದಲ್ಲಿ ಹಟ. ಊರಿನ ಊಟ ಎಂದು ಬೋರ್ಡು ಹಾಕಿದ ಮೇಲೆ ಊರಿನ ಕ್ರಮವೇ ಎನ್ನುತ್ತಿದ್ದರು. ಹೊಸ ಗಿರಾಕಿಗಳು ಸಾರಿನ ಬಕೆಟ್ಟು ನೋಡಿ ಕೈ ಅಡ್ಡ ಹಿಡಿದು, "ಮೊದಲ್ಲ ಸಾಂಬಾರ್ ಕುಡುಂಗ" ಎನ್ನುತ್ತಿದ್ದರು, ಮೊದಲು ಸಾಂಬಾರು ಕೊಡಿ ಎಂದು. ಅಷ್ಟಕ್ಕೇ ಅವರು ನಿಂತುಬಿಡುವರು. ಸೌಟು ಗಾಳಿಯಲ್ಲಿ ನಿಲ್ಲುತ್ತಿತ್ತು. ಎಲ್ಲಿದ್ದೆ ಎಂಬುದೇ ಹೋಗಿ, ಬಕೆಟ್ಟು ಇಟ್ಟು, ಆ ಎಲೆಗೆ ಮತ್ತೆ ಉಪ್ಪಿನಿಂದ ಶುರು ಮಾಡುತ್ತಿದ್ದರು. ಎರಡು ಸಲ ಉಪ್ಪು ಬಿದ್ದ ಎಲೆ ನೋಡಿ ಹಳೆಯ ಗಿರಾಕಿಗಳು ಹೊಸಬರನ್ನು ಗದರುತ್ತಿದ್ದರು.

ಅದಕ್ಕೆ ನಾನು ಒಂದು ನಿಯಮ ಮಾಡಿದೆ. ಅವರು ಬಕೆಟ್ಟು ಹಿಡಿದಿರುವಾಗ ಯಾರೂ ಮಾತಾಡಿಸಬಾರದು. ಏನಾದರೂ ಹೇಳಬೇಕಾದರೆ ಬಕೆಟ್ಟು ಕೆಳಗಿಟ್ಟ ಮೇಲೆ, ಒಂದು ಸಲಕ್ಕೆ ಒಂದೇ ಮಾತು. ಗಿರಾಕಿಗಳಿಗೆ ಉತ್ತರ ಕೊಡಲು ನಾನು ಎರಡು ಎಲೆ ಹಿಂದೆ ನಡೆಯುತ್ತಿದ್ದೆ. ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಕೆಲಸಕ್ಕಿಂತ ಮೊದಲು ಈ ನಿಯಮ ಕಲಿಸುತ್ತಿದ್ದೆ. ಧಣಿಗಳೇ ಒಮ್ಮೆ ಮರೆತು ಕರೆದಾಗ ನಾನು ಬಾಯಿಗೆ ಬೆರಳಿಟ್ಟು ಸುಮ್ಮನಾಗಿಸಿದ್ದುಂಟು. ಹದಿನೈದು ವರ್ಷ ಹೀಗೆ ನಡೆಯಿತು. ಆ ಹದಿನೈದು ವರ್ಷವೂ ಸಾರಿನ ಬಕೆಟ್ಟು ಮೇಲೆ ಬಂದಾಗಲೆಲ್ಲ ನನಗೆ ಒಂದೇ ಯೋಚನೆ. ಇವತ್ತು ಚೆಲ್ಲುತ್ತದೆ, ಇವತ್ತು ಯಾರನ್ನಾದರೂ ಸುಡುತ್ತದೆ, ಇವರನ್ನು ಕಳಿಸಿಬಿಡುತ್ತಾರೆ. ಕೊನೆಯ ಎಲೆ ಮುಗಿದ ಮೇಲೆ ಮಾತ್ರ ಉಸಿರು ಬಿಡುತ್ತಿದ್ದೆ.

ಎಂಟು ವರ್ಷದ ಹಿಂದೆ ಒಂದು ಭಾನುವಾರ, ಹಾಲು ತುಂಬಿತ್ತು. ಸಾಲಿನ ಕೊನೆಯಲ್ಲಿ ಒಬ್ಬ ತಾಯಿ, ಗಂಡ, ನಡೆಯಲು ಕಲಿತ ಮಗು. ಅವರು ಸಾರು ಬಡಿಸುತ್ತಾ ಬರುತ್ತಿದ್ದರು. ಮಗು ಕುರ್ಚಿಯಿಂದ ಜಾರಿ ಅವರ ದಾರಿಯಲ್ಲೇ ಬಂದು ಕೂತಿತು. ನಾನು ಎರಡು ಎಲೆ ಹಿಂದೆ ಇದ್ದೆ. ಅವರಿಗೆ ಮಗು ಕಾಣಲಿಲ್ಲ ಅಂದುಕೊಂಡೆ. ಹದಿನೈದು ವರ್ಷದ ಹೆದರಿಕೆ ಒಟ್ಟಿಗೇ ಬಾಯಿಗೆ ಬಂತು.

"ಮಗು! ಬಲಕ್ಕೆ ಹೋಗಿ! ನಿಲ್ಲಿ, ನಿಲ್ಲಿ!" ಎಂದು ಕಿರುಚಿದೆ.

ಅವರು ನಿಂತರು. ಬಲಕ್ಕೆ ತಿರುಗಿದರು. ಮತ್ತೆ ನಿಂತರು. ಬಕೆಟ್ಟು ಮಾತ್ರ ನಿಲ್ಲಲಿಲ್ಲ. ಕುದಿಯುವ ಸಾರು ಅವರ ಎರಡೂ ಪಾದದ ಮೇಲೆ, ಆ ತಾಯಿಯ ಮುಂಗೈ ಮೇಲೆ ಬಿತ್ತು. ಮಗುವಿಗೆ ಏನೂ ಆಗಲಿಲ್ಲ. ಅದು ಕೂತಲ್ಲೇ ಕೋಸಂಬರಿ ತಿನ್ನುತ್ತಿತ್ತು.

ಕೂಗಾಟ, ಮೊಬೈಲು, ಐಸು. ಯಾರೋ "ಪೈತ್ಯಂ" ಎಂದರು. ಹುಚ್ಚ ಎಂಬುದಕ್ಕೆ ತಮಿಳು ಮಾತು. ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು. ತಾಯಿಯ ಗಂಡ ಪೊಲೀಸ್ ಪೊಲೀಸ್ ಎನ್ನುತ್ತಿದ್ದ. ಧಣಿಗಳು ಓಡಿ ಬಂದು ಅವರನ್ನು ಗೋಡೆಗೆ ಒರಗಿಸಿ ಒಂದೇ ಉಸಿರಿಗೆ ಕೇಳಿದರು: "ಎಂತ ಆಯ್ತು? ಕಾಲು ಜಾರಿತಾ? ಮಾತ್ರೆ ತಗೊಂಡಿದ್ರಾ? ತಲೆ ತಿರುಗಿತಾ? ಪುನಃ ಆ ಸ್ವರ ಕೇಳಿತಾ?" ಅವರು ಬಾಯಿ ತೆರೆದರು, ಏನೂ ಬರಲಿಲ್ಲ. ಧಣಿಗಳು ನನ್ನ ಕಡೆ ತಿರುಗಿದರು. "ನೀವು ನೋಡಿದ್ರಾ?"

"ನಾನು ದೂರ ಇದ್ದೆ" ಎಂದೆ.

ನನಗೆ ಆಗ ಪೊಲೀಸರ ಹೆದರಿಕೆ. ಅಷ್ಟು ಗಲಾಟೆಯಲ್ಲಿ ನನ್ನ ಕೂಗು ನಮ್ಮ ಕೆಲಸದವರ ಕಿವಿಗೆ ಬಿದ್ದಿರಲಿಲ್ಲ, ಬಿದ್ದ ಗಿರಾಕಿಗಳಿಗೆ ಕನ್ನಡ ಗೊತ್ತಿರಲಿಲ್ಲ. ಆ ತಾಯಿ ದೊಡ್ಡ ಮನಸ್ಸಿನವರು, ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಪೊಲೀಸು ಬೇಡ ಎಂದು ಗಂಡನನ್ನು ಎಳೆದುಕೊಂಡು ಹೋದರು. ಆದರೆ ಸುಳ್ಳು ಹೊರಗೆ ಬಂದಾಗಿತ್ತು. ಮುಂದಿನ ಭಾನುವಾರ ಅಕ್ಕ, ಭಾವ ಬಂದು ಅವರನ್ನು ರೈಲಿಗೆ ಹತ್ತಿಸಿಕೊಂಡು ಹೋಗುವುದೆಂದು ನಿಶ್ಚಯವಾಯಿತು.

ಆ ವಾರ ಅವರು ತಾರಸಿಯ ಮೇಲಿನ ಕೆಲಸದವರ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದರು. ಊಟ ಹೊತ್ತುಕೊಂಡು ಹೋಗುತ್ತಿದ್ದವನು ನಾನೇ. ತಟ್ಟೆ ಇಡುವಾಗ ಅವರ ಮುಖ ನೋಡುತ್ತಿದ್ದೆ. ನೆನಪಿದೆಯೋ, ಇಲ್ಲವೋ? ನೆನಪಿರದಿದ್ದರೆ ಸಾಕು ಎಂದು ದೇವರಿಗೆ ಹೇಳಿಕೊಂಡೆ. ಯಾವ ಕಾಯಿಲೆಯಿಂದ ಅವರನ್ನು ಉಳಿಸಬೇಕೆಂದು ಅಷ್ಟು ವರ್ಷ ಓಡಾಡಿದ್ದೆನೋ, ಅದೇ ಕಾಯಿಲೆ ಈಗ ನನ್ನ ಕೈ ಹಿಡಿಯಲಿ ಎಂದು ಬಯಸಿದೆ. ನನ್ನಷ್ಟು ಹೇಡಿ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಅವರು ಒಂದೆರಡು ಸಲ ನನ್ನನ್ನು ನೋಡಿ ಏನೋ ಹೇಳಲು ಹೊರಟರು. ನಾನು ಕೂಡಲೇ, "ಉಪ್ಪು ಸಾಕಾ? ಮಜ್ಜಿಗೆ ತರ್ಲಾ?" ಎಂದು ಬಾಯಿ ಹಾಕಿದೆ.

ಗುರುವಾರ ಆಸ್ಪತ್ರೆಯ ಸರದಿ ಇತ್ತು. ಆಟೋದಲ್ಲಿ ಕರೆದುಕೊಂಡು ಹೋದೆ. ಕೌನ್ಸೆಲರ್ ಕಾಲು ನೋಡಿದರು. ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡು, "ಎನ್ನ ಆಚ್ಚು?" ಎಂದು ಕೇಳಿದರು. ಏನಾಯಿತು. ಅಷ್ಟೇ. ಆಮೇಲೆ ಕೈ ಕಟ್ಟಿ ಸುಮ್ಮನೆ ಕೂತರು.

ನಾನು ಉತ್ತರ ಕೊಡಲು ಹೋದೆ. ಆಕೆ ನನ್ನ ಕಡೆ ನೋಡದೆ ಒಂದು ಬೆರಳು ಎತ್ತಿದರು. ನಾನು ಗಿರಾಕಿಗಳಿಗೆ ಎತ್ತುತ್ತಿದ್ದ ಬೆರಳೇ ಅದು. ಫ್ಯಾನು ಕಟ ಕಟ ಎನ್ನುತ್ತಿತ್ತು. ಹೊರಗೆ ಟೋಕನ್ ನಂಬರು ಕೂಗಿದರು, ಇನ್ನೊಂದು ಕೂಗಿದರು. ಅಷ್ಟು ಹೊತ್ತು ಒಬ್ಬರ ಉತ್ತರಕ್ಕೆ ಯಾರಾದರೂ ಕಾಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರ ತುಟಿ ಅಲುಗಿತು. ತಮಿಳಿನಲ್ಲಿ ಶುರು ಮಾಡಿದರು, ಎರಡು ಮಾತಿಗೆ ಅದು ಕೈಕೊಟ್ಟಿತು, ಕನ್ನಡಕ್ಕೆ ಬಂದರು. ಆಕೆ ತಲೆಯಾಡಿಸಿ, ಯಾವ ಭಾಷೆ ಬರುತ್ತದೋ ಅದರಲ್ಲೇ ಹೇಳಲಿ, ನೀವು ನನಗೆ ತಮಿಳಿನಲ್ಲಿ ಹೇಳಿ ಎಂದು ನನಗೆ ಸನ್ನೆ ಮಾಡಿದರು.

"ಮಗು ಕೂತಿತ್ತು" ಎಂದರು ಅವರು. ನಾನು ತಮಿಳಿನಲ್ಲಿ ಹೇಳಿದೆ.

"ನಾನು ನೋಡಿದ್ದೆ. ಎಡಗಡೆಯಿಂದ ಹೋಗ್ತಾ ಇದ್ದೆ." ಅದನ್ನೂ ತಮಿಳಿಗೆ ತಂದೆ. ಮಗು ಕಂಡಿತ್ತು. ಅವರು ಹೋಗುವ ಜಾಗವನ್ನೇ ನೋಡುತ್ತಿದ್ದರು.

"ಇವರು ಕೂಗಿದ್ರು. ಮೂರು ಮಾತು ಒಟ್ಟಿಗೆ. ಮೂರನ್ನೂ ಮಾಡ್ಲಿಕ್ಕೆ ಹೋದೆ."

ಇದನ್ನು ನಾನು ತಮಿಳಿಗೆ ತರಲಿಲ್ಲ. ಆಕೆಗೆ ಕನ್ನಡ ಬರುವುದಿಲ್ಲ. ಕಾಲು ಜಾರಿತಂತೆ ಎಂದು ನಾನು ಹೇಳಬಹುದಿತ್ತು. ಅವರಿಗೆ ತಮಿಳು ಗೊತ್ತು, ಸುಳ್ಳು ಎಂದು ತಿಳಿಯುತ್ತಿತ್ತು. ಆದರೆ ಅದನ್ನು ತಿದ್ದಲು ಅವರಿಗೆ ಎಷ್ಟು ಹೊತ್ತು ಬೇಕು ಎಂಬುದೂ ನನಗೆ ಗೊತ್ತಿತ್ತು. ಅಷ್ಟರಲ್ಲಿ ಮುಂದಿನ ಟೋಕನ್ ಬಂದಿರುತ್ತದೆ. ಇಷ್ಟು ಲೆಕ್ಕ ನನ್ನ ತಲೆಯಲ್ಲಿ ಒಂದು ಕ್ಷಣದಲ್ಲಿ ಆಯಿತು. ಆರೋಗ್ಯವಂತ ತಲೆ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ನೋಡಿ. ಕೌನ್ಸೆಲರ್ ಈಗ ನನ್ನನ್ನು ನೋಡುತ್ತಿದ್ದರು. ಕೈ ಕಟ್ಟಿಕೊಂಡು, ಅವರಿಗೆ ಕಾದ ಹಾಗೆಯೇ, ನನಗೂ ಕಾದರು.

"ನಾನ್ ದಾನ್ ಕತ್ತಿನೇನ್" ಎಂದೆ. ನಾನೇ ಕೂಗಿದ್ದು.

ಧಣಿಗಳಿಗೆ ಯಾಕೆ ಹೇಳಲಿಲ್ಲ ಎಂದು ಆಕೆ ಅವರನ್ನು ಕೇಳಿದರು. ಮತ್ತೆ ಫ್ಯಾನಿನ ಸದ್ದು. ಕೊನೆಗೆ ಅವರು ಹೇಳಿದ್ದನ್ನೂ ನಾನೇ ತಮಿಳಿಗೆ ತರಬೇಕಾಯಿತು: "ಅವರು ತುಂಬ ಪ್ರಶ್ನೆ ಕೇಳಿದ್ರು. ಮೊದಲನೇದಕ್ಕೆ ಉತ್ತರ ಸಿಕ್ಕುವಾಗ ಅವರು ಹೋಗಿ ಆಗಿತ್ತು." ಸ್ವಲ್ಪ ತಡೆದು ನನ್ನ ಕಡೆ ಬೆರಳು ತೋರಿಸಿ, "ಇವರಿಗೆ ಮೇಲೆ ಕೋಣೆಯಲ್ಲಿ ಹೇಳ್ವ ಅಂತ ನೋಡಿದೆ. ಇವರು ಮಜ್ಜಿಗೆ ಬೇಕಾ ಕೇಳಿದ್ರು" ಎಂದರು.

ಅದೇ ಸಂಜೆ ಧಣಿಗಳ ಮುಂದೆ ನಿಂತು ಎಲ್ಲ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಒಂದೇ ಮಾತು ಹೇಳಿದರು: "ನಿಯಮ ಮಾಡಿದವರು ನೀವಲ್ವಾ?" ಅಕ್ಕನಿಗೆ ಫೋನು ಮಾಡಿ ಬರುವುದು ಬೇಡ ಎಂದರು. ನನ್ನನ್ನು ಮೂರು ತಿಂಗಳು ಉಗ್ರಾಣಕ್ಕೆ ಹಾಕಿದರು, ಅಕ್ಕಿ ಮೂಟೆ ಎಣಿಸಲಿಕ್ಕೆ. ಕಾಲು ಗುಣವಾದ ಮೇಲೆ ಅವರು ಮತ್ತೆ ಬಕೆಟ್ಟು ಹಿಡಿದರು, ಇನ್ನೂ ಏಳು ವರ್ಷ ಹಿಡಿದರು. ನಾನು ಹಾಲಿಗೆ ವಾಪಸು ಬಂದ ಮೇಲೆ ಎರಡು ಎಲೆ ಹಿಂದೆ ನಡೆಯುತ್ತಾ ಬಾಯಲ್ಲಿ ಒಂದು ಏಲಕ್ಕಿ ಇಟ್ಟುಕೊಳ್ಳುತ್ತಿದ್ದೆ, ಕೂಗು ಬರದಿರಲಿ ಎಂದು.

ಆ ವಿಷಯವನ್ನು ನಾವು ಮತ್ತೆ ಎತ್ತಲಿಲ್ಲ. ಅವರು ಎತ್ತುತ್ತಿರಲಿಲ್ಲ, ನನಗೆ ಧೈರ್ಯವಿರಲಿಲ್ಲ. ನಾನು ನಿವೃತ್ತನಾಗಿ ಪಲ್ಲಾವರಂಗೆ ಬಂದೆ. ವರ್ಷಗಟ್ಟಲೆ ತಿಂದ ಮಾತ್ರೆಯಿಂದಲೋ, ವಯಸ್ಸಿನಿಂದಲೋ, ಅವರ ಹೃದಯ ಸೋತಿತು. ಹೋದ ತಿಂಗಳು ಅವರನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿದು ಲೋಕಲ್ ರೈಲು ಹಿಡಿದು ಹೋದೆ.

ಜನರಲ್ ವಾರ್ಡು, ಕಿಟಕಿಯ ಪಕ್ಕದ ಮಂಚ. ಅವರ ಅಂಗಿಯ ಜೇಬಿನಲ್ಲಿ ನೋಟ್‌ಬುಕ್ ಇತ್ತು. ನನ್ನನ್ನು ಗುರುತು ಹಿಡಿದು ಕೈ ಹಿಡಿದುಕೊಂಡರು, ಅಂಗೈ ತಣ್ಣಗಿತ್ತು. ನಾನು ರೈಲಿನಲ್ಲಿ ದಾರಿಯುದ್ದಕ್ಕೂ ಒಂದೇ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಕೂತ ಕೂಡಲೇ ಕೇಳಿದೆ.

"ಆ ದಿನದ್ದಕ್ಕೆ ನನ್ನ ಮೇಲೆ ಇನ್ನೂ ಬೇಸರ ಉಂಟಾ?"

ಅವರು ನನ್ನನ್ನೇ ನೋಡಿದರು. ಹಣೆ ಸ್ವಲ್ಪ ಗಂಟಾಯಿತು. ಉತ್ತರ ಹೊರಟಿದೆ ಎಂದು ನನಗೆ ಗೊತ್ತಾಯಿತು; ಇಷ್ಟು ವರ್ಷದಲ್ಲಿ ಆ ಮುಖ ಓದುವುದಾದರೂ ಬರುತ್ತಿತ್ತು. ಕಾಯಬೇಕು ಅಷ್ಟೇ. ಕೈ ಕಟ್ಟಿಕೊಂಡು ಕೂತೆ. ಪಕ್ಕದ ಮಂಚದವರು ಕೆಮ್ಮಿದರು. ನರ್ಸು ಬಂದು ಹೋದರು. ಅವರ ಕಣ್ಣು ನನ್ನ ಮೇಲೆಯೇ ಇತ್ತು. ಹೌದು ಎಂದರೆ? ಅವರ ತುಟಿ ಬಿಚ್ಚಿತು. ನನ್ನಿಂದ ತಡೆಯಲಾಗಲಿಲ್ಲ.

"ಊಟ ಆಯ್ತಾ?" ಎಂದುಬಿಟ್ಟೆ.

ತುಟಿ ನಿಂತಿತು. ಹೋದಷ್ಟು ದೂರದಿಂದ ಅವರ ಕಣ್ಣು ಹಿಂದಕ್ಕೆ ಬಂತು. ಬರುತ್ತಿದ್ದುದನ್ನು ಕೆಳಗಿಟ್ಟು ನನ್ನ ಎರಡನೇ ಪ್ರಶ್ನೆಯನ್ನು ಎತ್ತಿಕೊಂಡರು, ಮೊದಲಿನಿಂದ.

"ಆಯ್ತು" ಎಂದರು ಬಹಳ ಹೊತ್ತಿನ ಮೇಲೆ. "ಇಲ್ಲಿ ಸಾಂಬಾರೇ ಮೊದಲು."

ಭೇಟಿಯ ಸಮಯ ಮುಗಿಯಿತೆಂದು ಗಂಟೆ ಹೊಡೆದರು. ಮೊದಲನೆಯದನ್ನು ಇನ್ನೊಮ್ಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಬರುವ ವಾರ ಕೇಳಿದರಾಯಿತು ಎಂದುಕೊಂಡು ರೈಲು ಹತ್ತಿದೆ. ಫೋನು ಬಂದದ್ದು ಅದಾದ ನಾಲ್ಕನೇ ದಿನ.